ಎರಡಾಣೆಯ ನಾಚಿಕೆ

1/4
ಫೋಟೋದಲ್ಲಿರೋದು ನಮ್ಮಜ್ಜಿಯ ಹಳೇ ಪಿಗ್ಮಿ ಪುಸ್ತಕ. ನೀವು ಉಡುಪಿ ಕಡೆಯವರಾದ್ರೆ ಕಪಾಟು ಹುಡುಕಿ ನೋಡಿ, ನಿಮ್ಮನೇಲೂ ಒಂದು ಸಿಗಬಹುದು. ನಮ್ಮ ಬಿಕಾಂ ಪುಸ್ತಕದಲ್ಲಿ ಪಿಗ್ಮಿಗೆ ಸಿಕ್ಕಿದ್ದು ಎರಡೇ ಸಾಲು. ಅದು ಸಾಲದು ಅಂತ ಈ ಪೋಸ್ಟ್.

2/4
1925. ಉದ್ಯಾವರದ ಪಕ್ಕದ ಉಡುಪಿ. ಕೈಮಗ್ಗದ ಕಸುಬು ಕುಸಿದು ನೇಕಾರರು ಕಷ್ಟದಲ್ಲಿದ್ದ ಕಾಲ. ವ್ಯಾಪಾರಿ ಉಪೇಂದ್ರ ಪೈ, ಇಂಜಿನಿಯರ್ ವಾಮನ ಕುಡ್ವ, ವೈದ್ಯ ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ಕಟ್ಟಿದ್ರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿದ್ದು ಇದೇ. 1928ರಲ್ಲಿ ಪಿಗ್ಮಿ ಶುರು. ಏಜೆಂಟ್ ದಿನಾ ಮನೆ ಬಾಗಿಲಿಗೇ ಬರ್ತಿದ್ರು, ಎರಡಾಣೆ ಕೊಟ್ರೂ ತಗೊಳ್ತಿದ್ರು. ಲೆಕ್ಕ ಹಾಕಿ: ವರ್ಷಕ್ಕೆ 730 ಆಣೆ, ಅಂದ್ರೆ 45 ರೂಪಾಯಿ 10 ಆಣೆ.

3/4
ಈಗ ನೀವೇ ಆ ನೇಕಾರ ಅಂದ್ಕೊಳ್ಳಿ. ಮುಷ್ಟಿಯಲ್ಲಿ ಎರಡಾಣೆ. ಬ್ಯಾಂಕಿನ ಮೆಟ್ಟಿಲು ಹತ್ತುತ್ತೀರಾ? "ಇಷ್ಟೇನಾ?" ಅಂತ ಯಾರಾದ್ರೂ ಕೇಳಿದ್ರೆ? ಹತ್ತದೇ ಇದ್ದವರನ್ನ ಕಾರಣ ಕೇಳಿದ್ರೆ "ನಾಚಿಕೆ" ಅಂತ ಯಾರೂ ಹೇಳಲ್ಲ. "ಪುರುಸೊತ್ತಿಲ್ಲ" ಅಂತಾರೆ. ನನ್ನ ಪ್ರಕಾರ ಪಿಗ್ಮಿಯ ಜಾಣತನ ಇಲ್ಲೇ ಇದೆ. ಬಡವರಿಗೆ ಧೈರ್ಯ ಹೇಳೋ ಬದಲು ಮೆಟ್ಟಿಲನ್ನೇ ತೆಗೆದುಬಿಟ್ರು. ಇದು ಬರೀ ಕನಿಕರ ಅಲ್ಲ ಮಾರಾಯ್ರೆ, ಬ್ಯಾಂಕಿಗೂ ಠೇವಣಿ ಬೇಕಿತ್ತು. ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸಿದ್ದು ಇಬ್ಬರಿಗೂ ಲಾಭವಾಯ್ತು. ಇವತ್ತು ಆ್ಯಪ್ ಮಾಡುವವರು ಇದನ್ನೇ ಯೂಸರ್ ರಿಸರ್ಚ್ ಅಂತಾರೆ.

4/4
ನಾನೂ ಒಮ್ಮೆ ಮಾಡಿದ್ದೆ. ಪ್ರಾಜೆಕ್ಟಿಗೆ ಹಣ ಕಳಿಸೋ ಆ್ಯಪ್ ಒಂದನ್ನ ಅಜ್ಜಿಗೆ ತೋರಿಸಿ, ಮೂರನೇ ಸಲ ಹೇಳುವಾಗ ಉಸ್ಸಪ್ಪಾ ಅಂದು, "ಅರ್ಥ ಆಯ್ತಾ?" ಅಂತ ಕೇಳಿದೆ. "ಆಯ್ತು ಮಗಾ." ಫಾರ್ಮಲ್ಲಿ "ಸುಲಭ" ಅಂತ ಟಿಕ್ ಹಾಕಿದೆ. ಸಂಜೆ ನೋಡಿದ್ರೆ ಅಜ್ಜಿ ಅಡುಗೆಮನೇಲಿ ನನ್ನ ತಂಗಿ ಹತ್ರ ಮೆಲ್ಲಗೆ ಕೇಳ್ತಿದ್ರು, "ಇದನ್ನ ಎಲ್ಲಿ ಒತ್ತೋದು?" ಬೀಡಿ ಕಟ್ಟಿ, ದಿನಾ ಪಿಗ್ಮಿ ಹಾಕಿ ಮನೆ ನಡೆಸಿದ ಅಜ್ಜಿ! ಅವರು ದಡ್ಡಿ ಅಲ್ಲ. ನಾನೇ ಅವರ ಮುಂದೆ ಒಂದು ಮೆಟ್ಟಿಲು ಕಟ್ಟಿದ್ದೆ. ಆ ಟಿಕ್ ಸುಳ್ಳು, ಅದನ್ನ ಹಾಕಿದ ಕೈ ನನ್ನದು. ನಾಚಿಕೆ ಆಗಬೇಕಾದ್ದು ನನಗೆ.

2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯ್ತು. ಹೆಸರು ಹೋದ್ರೂ "ಪಿಗ್ಮಿ" ಅನ್ನೋ ಮಾತು ನಮ್ಮ ಅಂಗಡಿಗಳಲ್ಲಿ ಉಳ್ಕೊಂಡಿದೆ. ಮುಂದಿನ ಸಲ ಮನೆಯ ಹಿರಿಯರಿಗೆ ಫೋನ್ ಕಲಿಸುವಾಗ "ಅರ್ಥ ಆಯ್ತಾ?" ಅನ್ನಬೇಡಿ. ಸುಮ್ಮನೆ ಪಕ್ಕದಲ್ಲಿ ಕೂತು, ಅವರ ಬೆರಳು ಎಲ್ಲಿ ನಿಲ್ತದೆ ನೋಡಿ.

ನಿಮ್ಮನೆಗೆ ಪಿಗ್ಮಿಯವರು ಬರ್ತಿದ್ರಾ? ಕಮೆಂಟಲ್ಲಿ ಬರೀರಿ.

#ಉದ್ಯಾವರ #ಪಿಗ್ಮಿ #ನಮ್ಮೂರಇತಿಹಾಸ