ಕೈತಪ್ಪುವ ಮುನ್ನ ಕೈಬದಲು

ಅಮೆರಿಕದ ಬೇಸ್‌ಬಾಲ್‌ನಲ್ಲಿ ಒಮ್ಮೆ ಸಹಿ ಹಾಕಿದ ಆಟಗಾರ, ಕ್ಲಬ್ಬು ತಾನಾಗಿ ಬಿಡುವವರೆಗೂ ಅದರ ಸೊತ್ತಾಗಿದ್ದ. 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಸ್ ನೀಡಿದ ತೀರ್ಪು ಈ ಕಟ್ಟನ್ನು ಸಡಿಲಿಸಿತು. ಕರಾರು ಮುಗಿದ ಮೇಲೆ ಒಂದು ವರ್ಷ ಆಡಿದವನು ಸ್ವತಂತ್ರ ಎಂದಿತು ಆ ತೀರ್ಪು.

1972ರಿಂದ ಸತತ ಮೂರು ವರ್ಷ ವರ್ಲ್ಡ್ ಸೀರೀಸ್ ಗೆದ್ದಿದ್ದ ಓಕ್ಲೆಂಡ್ ತಂಡದ ಒಡೆಯ ಚಾರ್ಲಿ ಫಿನ್ಲೆಗೆ ಇದರ ಅರ್ಥ ಬೇಗ ಹೊಳೆಯಿತು. ನಾಳೆ ಬಿಟ್ಟು ಹೋಗುವವನಿಗೆ ಇಂದೇ ಬದಲಿ ಪಡೆಯುವುದು ಲೇಸಲ್ಲವೆ? 1976ರ ಏಪ್ರಿಲ್‌ನಲ್ಲಿ ತಾರೆ ರೆಗ್ಗಿ ಜಾಕ್ಸನ್‌ನನ್ನು ಬಾಲ್ಟಿಮೋರ್‌ಗೆ ಕೊಟ್ಟು ಬೇರೆ ಆಟಗಾರರನ್ನು ಪಡೆದ. ಜೂನ್‌ನಲ್ಲಿ ಇನ್ನೂ ಮೂವರನ್ನು 35 ಲಕ್ಷ ಡಾಲರಿಗೆ ಮಾರಹೊರಟಾಗ ಕಮಿಷನರ್ ಬೋವಿ ಕೂನ್ ತಡೆದ. ಅವರಲ್ಲಿ ಇಬ್ಬರು ವರ್ಷಾಂತ್ಯಕ್ಕೆ ಸ್ವತಂತ್ರರಾಗಿ ಹೊರಟರು. ಫಿನ್ಲೆಗೆ ಚಿಕ್ಕಾಸೂ ಸಿಗಲಿಲ್ಲ. ಬಾಲ್ಟಿಮೋರ್‌ಗೂ ಜಾಕ್ಸನ್ ದಕ್ಕಿದ್ದು ಒಂದೇ ಋತು.

1977ರಲ್ಲಿ ಓಕ್ಲೆಂಡ್ ತನ್ನ ವಿಭಾಗದ ಕೊನೆಯ ಸ್ಥಾನಕ್ಕಿಳಿಯಿತು. ಆಟಗಾರನ ಬಿಡುಗಡೆಯ ದಿನವೇ ಒಡೆಯನ ಗಡುವಾಯಿತು. ಇಂದಿಗೂ ಕ್ಲಬ್ಬುಗಳು ಹಾಕುವ ಲೆಕ್ಕ ಇದೇ.