ಪತ್ತನಾಜೆಯಿಂದ ದೀಪಾವಳಿಯವರೆಗೆ

ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನಕ್ಕೆ ಪತ್ತನಾಜೆಯೆಂದು ಹೆಸರು. ಮೇ ತಿಂಗಳ 24ನೆಯ ತಾರೀಖಿನ ಸುಮಾರಿಗೆ ಬರುವ ಆ ದಿನದಿಂದ ಊರ ಜಾತ್ರೆಗಳೂ ಭೂತಗಳ ಕೋಲನೇಮಗಳೂ ನಿಲ್ಲುತ್ತವೆ. ಯಕ್ಷಗಾನದ ಮೇಳಗಳು ವರ್ಷದ ಕಡೆಯ ಸೇವೆಯಾಟವನ್ನಾಡಿ ಗೆಜ್ಜೆ ಬಿಚ್ಚುತ್ತವೆ. ಕಿರೀಟ ಭುಜಕೀರ್ತಿಗಳು ಪೆಟ್ಟಿಗೆಯನ್ನು ಸೇರುತ್ತವೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿ ಕಳೆದ ಮೇಲೆಯೇ. ನಡುವಣ ಐದಾರು ತಿಂಗಳುಗಳ ಕಾಲ ಆ ಕಲೆಯು ಎಲ್ಲಿತ್ತು, ಹೇಗೆ ಬದುಕಿತು ಎಂಬುದು ಕರಾವಳಿಯ ಸಾಂಸ್ಕೃತಿಕ ಚರಿತ್ರೆಯಲ್ಲಿ ಸಣ್ಣ ಪ್ರಶ್ನೆಯಲ್ಲ.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 150 ಅಂಗುಲ ಮಳೆ ಬೀಳುತ್ತದೆ. ಅದರ ಬಹುಭಾಗವು ಜೂನಿನಿಂದ ಸಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಗದ್ದೆಯ ಬಯಲಿನಲ್ಲಿ ಇರುಳಿಡೀ ನಡೆಯತಕ್ಕ ಆಟಕ್ಕೆ ಆಗ ನೆಲೆಯಿಲ್ಲ. ಹಿಂದೆ ಮೇಳದ ಕಲಾವಿದರಲ್ಲಿ ಹಲವರು ಊರಿಗೆ ಮರಳಿ ನೇಗಿಲು ಹಿಡಿಯುತ್ತಿದ್ದರು. ಸಂಬಳ ನಿಂತುದೊಂದು ಕಷ್ಟ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕಷ್ಟವಿತ್ತು. ನಿತ್ಯವೂ ರಾವಣನಾಗಿ, ಕರ್ಣನಾಗಿ ಮಾತನಾಡಿದ ನಾಲಗೆಗೆ ಹಠಾತ್ತಾಗಿ ಮಾತಿಲ್ಲದಂತಾಗುತ್ತಿತ್ತು. ನಾಟಿ ಮುಗಿದು ಆಟಿ ತಿಂಗಳು ಬಂದಾಗಲಂತೂ ಕಣಜ ಬರಿದು, ಗೋಡೆಗಳೆಲ್ಲ ತೇವ, ಹೊರಗೆ ಕಾಲಿಡಲು ದಾರಿಯಿಲ್ಲ. ಆಟಿ ಅಮಾವಾಸ್ಯೆಯಂದು ಹಾಲೆಮರದ ತೊಗಟೆಯ ಕಹಿ ಕಷಾಯವನ್ನು ಕುಡಿದು ದೇಹವನ್ನು ಕಾಪಾಡಿಕೊಳ್ಳುವ ವಾಡಿಕೆ ಈಗಲೂ ಉಂಟು. ಮನಸ್ಸಿನ ಜಡತೆಗೆ ಆ ಕಷಾಯವು ಸಾಲುತ್ತಿರಲಿಲ್ಲ.

ಅದಕ್ಕೆ ಜನರು ಕಂಡುಕೊಂಡ ಉಪಾಯವು ತಾಳಮದ್ದಳೆ. ಮನೆಯ ಚಾವಡಿಯಲ್ಲಿ ಚಾಪೆ ಹಾಸಿ ದೀಪವಿಟ್ಟರೆ ರಂಗವು ಸಿದ್ಧವಾಯಿತು. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತನು ಪ್ರಸಂಗದ ಪದ್ಯವನ್ನು ಹಾಡುತ್ತಾನೆ. ಮದ್ದಳೆ ಚಂಡೆಗಳು ನುಡಿಯುತ್ತವೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಪಾತ್ರವೇ ತಾವಾಗಿ ಆ ಪದ್ಯಕ್ಕೆ ಆಗಲೇ ಮಾತನ್ನು ಕಟ್ಟಿ ಆಡುತ್ತಾರೆ. ಪದ್ಯವು ಕವಿಯದು, ಮಾತು ಮಾತ್ರ ಅಂದಂದಿನದು. ನಿನ್ನೆ ಆಡಿದ ಮಾತು ಇಂದಿಗೆ ಒದಗದು, ಏಕೆಂದರೆ ಇದಿರಾಳಿಯು ಇಂದು ಬೇರೆಯೇ ಪ್ರಶ್ನೆಯನ್ನು ಕೇಳಿಯಾನು.

ಮಳೆಯೇ ಈ ಕಲೆಯನ್ನು ಹೆತ್ತಿತೆಂದರೆ ಮಾತ್ರ ತಪ್ಪಾದೀತು. ತಾಳಮದ್ದಳೆಗೆ ದೊರೆತಿರುವ ಹಳೆಯ ಆಧಾರಗಳಲ್ಲೊಂದು ಬಳ್ಳಾರಿ ಸೀಮೆಯ ಕುರುಗೋಡಿನ ಕಡೆಯದು. ದೇವಸ್ಥಾನದಲ್ಲಿ ತಾಳಮದ್ದಳೆಯ ಸೇವೆ ನಡೆಸುವವರಿಗೆ ಭೂಮಿಯನ್ನು ದಾನವಿತ್ತ ಸಂಗತಿಯು ಅಲ್ಲಿಯ 1556ನೆಯ ಇಸವಿಯ ಶಾಸನದಲ್ಲಿದೆ. ಬಳ್ಳಾರಿಯು ಮಳೆಗಾಗಿ ಬಾಯಿಬಿಡುವ ನಾಡು; ಅಲ್ಲಿ ಮಳೆಗೆ ಹೆದರಿ ಚಾವಡಿಯನ್ನು ಸೇರಬೇಕಾದ ಅಗತ್ಯವಿರಲಿಲ್ಲ. ಆದುದರಿಂದ ಕಲೆಯು ಮೊದಲೇ ಇತ್ತು, ಕರಾವಳಿಯು ಅದಕ್ಕೊಂದು ಋತುವನ್ನು ಕೊಟ್ಟಿತು ಎಂದು ತಿಳಿಯುವುದೇ ಯುಕ್ತ. ಹಾಗೆ ಕೊಟ್ಟುದರಿಂದ ಆದ ಲಾಭವು ದೊಡ್ಡದು. ಆಟದಲ್ಲಿ ಕುಣಿತಕ್ಕೂ ವೇಷದ ಬೆಡಗಿಗೂ ಎಡೆಗೊಟ್ಟು ಉಳಿದ ಹೊತ್ತಿನಲ್ಲಿ ಮಾತು ಮುಗಿಯಬೇಕು. ಚಾವಡಿಯಲ್ಲಿ ಮಾತಿಗೆ ಇರುಳಿಡೀ ಅವಕಾಶ.

ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದಿರುವ ರಾಮಾಯಣ ಪ್ರಸಂಗಗಳಲ್ಲಿ ವಾಲಿಯ ಕಥೆಯನ್ನೇ ನೋಡಬಹುದು. ಈ ಕವಿಯ ಕಾಲವನ್ನೂ ಕೃತಿಗಳನ್ನೂ ಕುರಿತು ವಿದ್ವಾಂಸರು ಜಗಳವಾಡಿದುದು ಸಾಲದೆಂಬಂತೆ, ಅವನ ಕುಂಬಳೆಯೂ 1956ರಲ್ಲಿ ಕೇರಳದ ಪಾಲಾಯಿತು, ಅದಿರಲಿ. ಮರೆಯಲ್ಲಿ ನಿಂತು ಬಾಣವನ್ನು ಬಿಟ್ಟ ರಾಮನನ್ನು, ನೆಲದ ಮೇಲೆ ಬಿದ್ದ ವಾಲಿಯು ಪ್ರಶ್ನಿಸುತ್ತಾನೆ. ಪ್ರಸಂಗದಲ್ಲಿ ಇದಕ್ಕಿರುವುದು ಕೆಲವೇ ಪದ್ಯಗಳು. ಸಮರ್ಥರಿಬ್ಬರು ಕುಳಿತರೆ ಆ ಕೆಲವು ಪದ್ಯಗಳ ಮೇಲೆ ಗಂಟೆಗಟ್ಟಲೆ ಧರ್ಮದ ವಿಚಾರ ನಡೆಯುತ್ತದೆ. ಅರಸನಿಗೆ ಬೇಟೆಯ ನ್ಯಾಯವು ಒಪ್ಪುತ್ತದೆಯೆ? ಕಪಿಗೆ ಮನುಷ್ಯನ ಧರ್ಮಶಾಸ್ತ್ರವನ್ನು ಹೇರಬಹುದೆ? ಗೆಲ್ಲುವುದು ರಾಮನೇ ಎಂಬುದು ಎಲ್ಲರಿಗೂ ತಿಳಿದ ಮಾತು. ಆದರೂ ನಡುರಾತ್ರಿಯಲ್ಲಿ ಕೇಳುವವನ ಮನಸ್ಸು ವಾಲಿಯ ಕಡೆಗೆ ಒಲಿದಿರುತ್ತದೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಊರ ಸಂಘಗಳಲ್ಲಿ ಕೂಡುತ್ತಿದ್ದವರೆಲ್ಲ ಮೇಳದವರಲ್ಲ. ಕೃಷಿಕರು, ಶಾಲೆಯ ಉಪಾಧ್ಯಾಯರು, ಪುರೋಹಿತರು, ಅಂಗಡಿಯವರು. ವಾರಕ್ಕೊಮ್ಮೆಯೋ ಏಕಾದಶಿಯಂದೋ ಕೂಟವೆಂದು ಗೊತ್ತುಮಾಡಿಕೊಂಡರೆ, ಉತ್ಸಾಹವಿರಲಿ ಇಲ್ಲದಿರಲಿ, ಲಾಟೀನು ಹಿಡಿದು ಕೆಸರಿನಲ್ಲಿ ನಡೆದು ಬರುತ್ತಿದ್ದರು. ಬರದಿದ್ದರೆ ಇದಿರಾಳಿಯು ಒಬ್ಬಂಟಿಯಾಗುತ್ತಾನೆಂಬ ದಾಕ್ಷಿಣ್ಯವೇ ಸಾಕಾಗಿತ್ತು. ಮೊದಲ ಪದ್ಯಕ್ಕೆ ತೂಕಡಿಸುತ್ತ ಅರ್ಥ ಹೇಳಿದವನು ಮೂರನೆಯದರಲ್ಲಿ ಎದುರಿನವನ ಕೊಂಕುಮಾತಿಗೆ ಸಿಕ್ಕಿ ನೆಟ್ಟಗೆ ಕೂರುತ್ತಿದ್ದನು. ಹೊಸಬನಿಗೆ ದೂತನ ಪಾತ್ರ, ಒಂದೆರಡೇ ಮಾತು. ಮರುವರ್ಷ ಅವನೇ ವಿದುರ. ಉತ್ಸಾಹ ಬಂದ ಬಳಿಕ ಕೂಟ ಸೇರಿದ್ದಲ್ಲ, ಕೂಟ ಸೇರಿದ ಬಳಿಕ ಉತ್ಸಾಹವು ಬಂದದ್ದು.

ಹೀಗೆ ಬೆಳೆದ ಮಾತಿನಿಂದ ದೊಡ್ಡವರು ಮೂಡಿದರು. ಸುಳ್ಯದ ಕಡೆಯ ದೇರಾಜೆ ಸೀತಾರಾಮಯ್ಯನವರು (1914–1984) ಕೃಷಿಯೊಡನೆ ಅರ್ಥಗಾರಿಕೆಯನ್ನೂ ಸಾಗಿಸಿದವರು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹರಿಕಥೆಯಲ್ಲಿಯೂ ಆಟದಲ್ಲಿಯೂ ಕೂಟದಲ್ಲಿಯೂ ಹೆಸರಾದವರು. ಅವರ ವಾಲಿ, ರಾವಣರನ್ನು ಕೇಳಿದವರು ಇಂದಿಗೂ ನೆನೆಯುತ್ತಾರೆ. ದೋಷವೂ ಜೊತೆಗೇ ಬೆಳೆಯಿತೆನ್ನದೆ ನಿರ್ವಾಹವಿಲ್ಲ. ರಸವನ್ನು ಮರೆತು ವಾದದಲ್ಲಿ ಗೆಲ್ಲುವುದಷ್ಟೇ ಗುರಿಯಾದಾಗ ಕೃಷ್ಣನು ಕೃಷ್ಣನಾಗಿ ಉಳಿಯದೆ ನ್ಯಾಯಾಲಯದ ವಕೀಲನಾಗುತ್ತಾನೆ. ಇನ್ನು ಹೆಂಗಸರ ಪಾಲಿಗೆ ಬಹುಕಾಲ ಒಳಬಾಗಿಲ ಮರೆಯಲ್ಲಿ ಕುಳಿತು ಕೇಳುವ ಭಾಗ್ಯ ಮಾತ್ರವಿತ್ತು. ಅವರು ತಮ್ಮದೇ ಕೂಟಗಳನ್ನು ಕಟ್ಟಿ ಅರ್ಥ ಹೇಳತೊಡಗಿದುದು ಬಹಳ ತಡವಾಗಿ. ಎಷ್ಟು ಒಳ್ಳೆಯ ಮಾತುಗಳು ಆ ಬಾಗಿಲ ಹಿಂದೆಯೇ ಉಳಿದುಹೋದುವೋ!

ಕುಂದಾಪುರದ ಕಡೆಗೆ ಮಳೆಯ ಬೆನ್ನಿಗೇ ಬರುವ ನವರಾತ್ರಿಯಲ್ಲಿ ಹೂವಿನ ಕೋಲು ಎಂಬ ಪದ್ಧತಿಯಿತ್ತು. ಐಗಳ ಮಠದ ಗುರುವು ಹುಡುಗರನ್ನು ಕರೆದುಕೊಂಡು ಮನೆಮನೆಗೆ ಹೋಗುವನು. ಹೂವಿನಿಂದ ಅಲಂಕರಿಸಿದ ಕೋಲನ್ನು ಹಿಡಿದು ಕುಳಿತ ಹುಡುಗರು ಭಾಗವತನ ಪದ್ಯಕ್ಕೆ ಬಾಯಿಪಾಠದ ಮಾತನ್ನು ಒಪ್ಪಿಸುವರು. ಮನೆಯವರು ಕೊಟ್ಟುದು ಗುರುವಿನ ವರ್ಷದ ಸಂಭಾವನೆ. ಮಠಗಳು ಹೋಗಿ ಸರಕಾರದ ಶಾಲೆಗಳು ಬಂದಂತೆ ಅದು ಕ್ಷೀಣಿಸಿತು. 1975ರಲ್ಲಿ ಹುಟ್ಟಿದ ಸಾಲಿಗ್ರಾಮ ಮಕ್ಕಳ ಮೇಳದಂತಹವರ ಪ್ರಯತ್ನದಿಂದ ಮತ್ತೆ ಅಲ್ಲಲ್ಲಿ ಕಾಣಿಸಿಕೊಂಡಿದೆ. 1976ರಲ್ಲಿ ಮಂಗಳೂರಿಗೆ ಆಕಾಶವಾಣಿ ಬಂದ ಮೇಲೆ ತಾಳಮದ್ದಳೆಯು ಚಾವಡಿಯಿಲ್ಲದ ಮನೆಗಳನ್ನೂ ಹೊಕ್ಕಿತು.

ದೀಪಾವಳಿಯ ಬಳಿಕ ಪೆಟ್ಟಿಗೆ ತೆರೆದು, ದೇವರ ಮುಂದೆ ಗೆಜ್ಜೆ ಕಟ್ಟಿ ಮೇಳವು ಹೊರಡುತ್ತದೆ. ಬಯಲಿನಲ್ಲಿ ಕುಳಿತವರು ವೇಷವು ಬಾಯ್ದೆರೆದೊಡನೆ ಕಿವಿಗೊಡುತ್ತಾರೆ. ಕಿರೀಟವು ಕಳೆದ ವರ್ಷದ್ದೇ. ಮಾತು ಮಾತ್ರ ಆಟಿಯ ಮಳೆಯಲ್ಲಿ ಯಾರದೋ ಚಾವಡಿಯಲ್ಲಿ ಹುಟ್ಟಿದ್ದು.