ಅಚ್ಚೋ ಡೈಯೋ: ಸುಗಟೂರು ಸೀಮೆಯ ನೆಪದಲ್ಲಿ ಒಂದು ಟಿಪ್ಪಣಿ

ಕನ್ನಡದ ‘ಅಚ್ಚು’ ಹೊರುವ ಹೊರೆ ದೊಡ್ಡದು: ಗಾಡಿಯ ಅಚ್ಚು, ಮಗ್ಗದ ಅಚ್ಚು, ಬೆಲ್ಲದ ಅಚ್ಚು, ಪುಸ್ತಕದ ಅಚ್ಚು. ಸಿಡಿದ ತೋಟಾವನ್ನು ಮತ್ತೆ ತುಂಬಲು ಬಳಸುವ ಡೈಯನ್ನೂ ಇದೇ ಮಾತಿಗೆ ಹೊರಿಸಬಹುದೆಂದು ಮೊದಲು ನನಗೂ ತೋರಿತ್ತು. ಈಗ ಹಾಗನ್ನಿಸುವುದಿಲ್ಲ; ಏಕೆಂದು ಹೇಳಲು ಗುಂಡನ್ನು ಅಚ್ಚಿಗೆ ಹೊಯ್ಯುತ್ತಿದ್ದ ಕಾಲದಿಂದ ಶುರುಮಾಡಬೇಕು.

ಸುಗಟೂರಿನ ಪಾಳೆಯಗಾರರ ಆಳ್ವಿಕೆ ಕಂಡ ಕೋಲಾರ ಸೀಮೆ ಮುಂದೆ ಹೈದರಾಲಿಯ ತಂದೆ ಫತೇ ಮಹಮ್ಮದನ ಕೈಗೆ ಬಂತು. ಅವನ ಗೋರಿ ಕೋಲಾರದಲ್ಲಿದೆ, ಹೈದರ್ ಹುಟ್ಟಿದ್ದು ಬೂದಿಕೋಟೆಯಲ್ಲಿ. ಆ ಕಾಲದ ಕೋವಿಗೆ ಬಾಯಿಂದಲೇ ಮದ್ದು, ಗುಂಡು ತುಂಬಬೇಕು. ಸೀಸ ಕರಗಿಸಿ ಅಚ್ಚಿಗೆ ಹೊಯ್ದ ಗುಂಡು ನಳಿಗೆಗಿಂತ ತುಸು ಸಣ್ಣದು. ಉಳಿದ ಸಂದನ್ನು ಬಟ್ಟೆಯೋ ಕಾಗದವೋ ತುಂಬುತ್ತಿತ್ತು. ಅಚ್ಚಿನ ಕೂದಲೆಳೆಯ ತಪ್ಪನ್ನು ಬಟ್ಟೆ ನುಂಗುತ್ತಿತ್ತು. ಮೈಸೂರಿನ ರಾಕೆಟ್ಟಿನ ಕಬ್ಬಿಣದ ಕೊಳವೆಗಂತೂ ಆ ತೊಡಕೂ ಇಲ್ಲ. ಅದು ಬಿದಿರಿಗೆ ಕಟ್ಟಿಕೊಂಡು ಹಾರುತ್ತಿತ್ತೇ ಹೊರತು ಯಾವ ನಳಿಗೆಯೊಳಗೂ ಕೂರಬೇಕಿರಲಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಬಾವಿಯೊಂದರಲ್ಲಿ ಸಾವಿರದಷ್ಟು ಸಿಕ್ಕ ರಾಕೆಟ್ಟುಗಳನ್ನು ಈ ಕಣ್ಣಿನಿಂದಲೂ ನೋಡಬೇಕು.

ಹಿತ್ತಾಳೆ ತೋಟಾ ಬಂದ ಮೇಲೆ ಬಟ್ಟೆಯ ಕೆಲಸ ಲೋಹದ ಮೇಲೆ ಬಿತ್ತು. ಸಿಡಿದಾಗ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಒತ್ತುತ್ತದೆ, ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಮತ್ತೆ ತುಂಬಲು ಬಳಸುವ ಮೂರು ಡೈಗಳಲ್ಲಿ ಮೊದಲನೆಯದು ಅದನ್ನು ಹಿಂಡಿ ಹಳೆಯ ಅಳತೆಗೆ ತರುತ್ತದೆ. ಉಕ್ಕಿನ ಡೈಯಾದರೆ ಖಾಲಿ ತೋಟಾಕ್ಕೆ ಎಣ್ಣೆ ಅಥವಾ ಮೇಣ ಸವರಬೇಕು, ಇಲ್ಲದಿದ್ದರೆ ಒಳಗೇ ಕಚ್ಚಿಕೊಳ್ಳುತ್ತದೆ. ನೇರ ಮೈಯ ಪಿಸ್ತೂಲು, ರಿವಾಲ್ವರ್ ತೋಟಾಗಳಿಗೆ ಕಾರ್ಬೈಡ್ ಉಂಗುರವಿರುವ ಡೈ ಆ ರಗಳೆ ತಪ್ಪಿಸುತ್ತದೆ. ಎರಡನೆಯದು ಬಾಯಿಯನ್ನು ಚೂರೇ ಅರಳಿಸುತ್ತದೆ, ಇಲ್ಲವಾದರೆ ಅಂಚು ಸೀಸವನ್ನು ಹೆರೆಯುತ್ತದೆ. ಮೂರನೆಯದು ಗುಂಡನ್ನು ಕೂರಿಸಿ ಬಾಯಿ ಬಿಗಿಯುತ್ತದೆ.

ಡೈಯ ಆಯ್ಕೆಯಲ್ಲಿ ಎಡವುವುದು ಈ ಬಿಗಿತದಲ್ಲೇ. ‘.45’ ಎಂದು ಕೇಳಿದರೆ ಏನೂ ಕೇಳಿದಂತಾಗಲಿಲ್ಲ. 1873ರ .45 ಕೋಲ್ಟ್ ತೋಟಾ ಚೇಂಬರಿನಲ್ಲಿ ಹಿಂದಿನ ಅಂಚಿನ ಮೇಲೆ ನಿಲ್ಲುತ್ತದೆ; .45 ಎಸಿಪಿ ನಿಲ್ಲುವುದು ತನ್ನ ಬಾಯಿಯ ಅಂಚಿನ ಮೇಲೆ. ಎಸಿಪಿಯ ಬಾಯಿಯನ್ನು ಒಳಕ್ಕೆ ಮಡಿಸಿದರೆ ಆನಿಕೆಯೇ ಹೋಗುತ್ತದೆ, ಅದಕ್ಕೆ ಇಳಿಜಾರಿನ ಹದವಾದ ಬಿಗಿತ ಸಾಕು. ರಿವಾಲ್ವರಿನ .44 ಮ್ಯಾಗ್ನಮ್‌ನದು ಇದರ ತದ್ವಿರುದ್ಧ. ಅದರ ಒದೆತಕ್ಕೆ ಮಿಕ್ಕ ತೋಟಾಗಳ ಗುಂಡು ಮುಂದಕ್ಕೆ ಜಾರಿ ಸಿಲಿಂಡರ್ ತಿರುಗದಂತಾಗಬಹುದು. ಹಾಗಾಗಿ ಬಾಯಿಯನ್ನು ಗುಂಡಿನ ಸುತ್ತಲಿನ ತೋಡಿನೊಳಗೆ ಗಟ್ಟಿಯಾಗಿ ಮಡಿಸುತ್ತಾರೆ.

ಹೊಯ್ದದ್ದಕ್ಕೆ ಆಕಾರ ಕೊಡುವುದು ಅಚ್ಚು, ಆಕಾರ ಕೆಟ್ಟದ್ದನ್ನು ಒತ್ತಿ ಅಳತೆಗೆ ತರುವುದು ಡೈ. ಲೇತ್ ಕೆಲಸದವರು ಹೇಗೂ ಡೈ ಎಂದೇ ಅನ್ನುತ್ತಾರೆ, ನಿಘಂಟಿನವರೂ ಅದನ್ನೇ ಇಟ್ಟುಕೊಳ್ಳಲಿ. ಚಕ್ಕುಲಿ ಒರಳಿನ ಬಿಲ್ಲೆಯಂತೆ ಮನೆಮನೆಯಲ್ಲಿ ಸಿಗುವ ವಸ್ತುವಂತೂ ಇದಲ್ಲ: 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನಂತೆ ಮದ್ದುಗುಂಡು ತಯಾರಿಕೆಗೆ ಬೇರೆಯೇ ಪರವಾನಗಿ ಬೇಕು.